ಚಿಗವ್ವನ ಟ್ರಂಕು ಮತ್ತು ಹದಿನಾರು ಗೂಡುಗಳು

ಚಿಗವ್ವ ನಮ್ಮ ಮನೆಗೆ ಬಂದು ನಾಲ್ಕು ತಿಂಗಳಾಗಿದ್ದರೂ ಅವಳ ಟ್ರಂಕಿಗೆ ಸುತ್ತಿದ ಹಗ್ಗ ಹಾಗೆಯೇ ಇತ್ತು. ದಿನವೂ ಬೆಳಿಗ್ಗೆ ಗಂಟು ಬಿಚ್ಚಿ ಒಂದು ಸೀರೆ, ಒಂದು ಕುಬಸ ತೆಗೆದುಕೊಳ್ಳುತ್ತಿದ್ದಳು. ಆಮೇಲೆ ಮುಚ್ಚಳ ಹಾಕಿ, ಕೀಲಿ ತಿರುವಿ, ಹಗ್ಗವನ್ನು ಮತ್ತೆ ಎರಡು ಸುತ್ತು ಸುತ್ತಿ ಬಿಗಿಯುತ್ತಿದ್ದಳು. ಬಸ್ಸಿನ ಟಾಪಿಗೆ ಏರಿಸಲು ಸಿದ್ಧವಾದ ಸಾಮಾನಿನಂತೆ ಅದು ನಮ್ಮ ನಡುಮನೆಯ ಬಾಗಿಲ ಪಕ್ಕದಲ್ಲಿ ಕುಳಿತಿರುತ್ತಿತ್ತು. ಹಗ್ಗ ಯಾಕೆ ಎಂದು ಒಮ್ಮೆ ಕೇಳಿದ್ದೆ.

"ಇರ್ಲಿ ಬಿಡವಾ," ಅಂದಳು. "ಯಾವಾಗ ಏಳಬೇಕಾಗ್ತೈತೋ ಏನೋ."

ಆ ಮಾತು ನನಗೆ ನಾಟಿತು. ಅವಳು ನಮ್ಮಲ್ಲಿ ಇರುತ್ತಾಳೋ ಹೋಗುತ್ತಾಳೋ ಎಂಬುದಕ್ಕೆ ಬೇರೆ ಉತ್ತರ ಹುಡುಕಬೇಕಾಗಿರಲಿಲ್ಲ. ಆ ಗಂಟನ್ನು ನೋಡಿದರೆ ಸಾಕಿತ್ತು.

ಚಿಗವ್ವ ನನ್ನ ತಾಯಿಯ ತಂಗಿ. ಯಲಬುರ್ಗಾ ತಾಲ್ಲೂಕಿನ ಒಂದು ಎರೆಹೊಲದ ಊರಿನವಳು. ಹದಿಮೂರು ತುಂಬುವುದರೊಳಗೆ ಅವಳ ಮದುವೆಯಾಗಿತ್ತು. ಅದನ್ನು ಬಾಲ್ಯವಿವಾಹವೆಂದು ಕರೆಯುವ ಧೈರ್ಯ ನಮ್ಮ ಮನೆತನದಲ್ಲಿ ಯಾರಿಗೂ ಇರಲಿಲ್ಲ. ನಾನು ಹಾಗೆಯೇ ಕರೆಯುತ್ತೇನೆ. ಗಂಡ ಬೇಗ ತೀರಿಕೊಂಡ ಮೇಲೆ ಟ್ರಂಕಿನೊಂದಿಗೆ ಅಣ್ಣನ, ಅಂದರೆ ನನ್ನ ಸೋದರಮಾವನ, ಮನೆಗೆ ಮರಳಿದಳು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಆ ಮನೆಯ ಹೊಲದಲ್ಲಿ, ಕೊಟ್ಟಿಗೆಯಲ್ಲಿ, ಒಲೆಯ ಮುಂದೆ ದುಡಿದಳು. ಆ ದುಡಿಮೆಗೆ ಕೂಲಿ ಸಿಗಲಿಲ್ಲ, ಕೂಲಿಯ ಬದಲಿಗೆ 'ಮನೆಮಗಳು' ಎಂಬ ಮಾತು ಸಿಕ್ಕಿತು. ಐದನೆಯ ತರಗತಿಯಲ್ಲಿರುವಾಗ ತಾಯಿಯನ್ನು ಕಳೆದುಕೊಂಡ ನನ್ನನ್ನು ಬೆಳೆಸಿದವಳು ಇವಳೇ. ಹುಡುಗ ಹುಡುಗಿಯರು ಸಮನಾಗಿ ಕಸ ಗುಡಿಸುವ, ಪ್ರಶ್ನೆ ಕೇಳಿದರೆ ಬೈಯದ ಒಂದು ವಸತಿಶಾಲೆಗೆ ನನ್ನನ್ನು ಕಳಿಸಲು ಮಾವ ಒಪ್ಪದಿದ್ದಾಗ, ಅವನೆದುರು ನಿಂತು ಕಳಿಸಿಯೇ ತೀರಬೇಕೆಂದವಳೂ ಇವಳೇ. ಅವಳು ಮಾತ್ರ ಶಾಲೆಯ ಮೆಟ್ಟಿಲು ಹತ್ತಿರಲಿಲ್ಲ. ನಾನು ಇಂದು ಏನನ್ನು ಅನ್ಯಾಯವೆಂದು ಗುರುತಿಸಬಲ್ಲೆನೋ ಅದನ್ನೆಲ್ಲ ಕಲಿಯುವ ದಾರಿಯನ್ನು, ಓದುಬರಹ ತಿಳಿಯದ ಆ ಹೆಂಗಸು ನನಗೆ ತೆರೆದುಕೊಟ್ಟಳು.

ಮಾವ ಹೋದ ಮೇಲೆ ಅವನ ಇಬ್ಬರು ಮಕ್ಕಳು ಬೇರೆಯಾದರು. ನಡುಮನೆಯಲ್ಲಿ ಇಟ್ಟಿಗೆಯ ಗೋಡೆ ಎದ್ದಿತು. ಕೊಟ್ಟಿಗೆ ಪಾಲಾಯಿತು, ಕಾಳು ತುಂಬುವ ಹಗೇವು ಪಾಲಾಯಿತು, ಬೇವಿನ ಮರದ ಟೊಂಗೆಗಳೂ ಪಾಲಾದವು. ಚಿಗವ್ವ ಯಾರ ಪಾಲಿಗೂ ಬರಲಿಲ್ಲ. ದಸರೆಯ ನಂತರ ಮೊಣಕಾಲು ನೋವಿನ ನೆಪದಲ್ಲಿ ನಾನು ಹೋಗಿ ಅವಳನ್ನು ಗಂಗಾವತಿಗೆ ಕರೆತಂದೆ.

ಗಂಗಾವತಿಯಲ್ಲಿ ನಮ್ಮದು ಅಕ್ಕಿ ಗಿರಣಿಗಳ ರಸ್ತೆಯ ಹಿಂದಿನ ಓಣಿಯ ಬಾಡಿಗೆ ಮನೆ. ಹತ್ತು ಅಡಿ ಉದ್ದ, ಒಂಬತ್ತು ಅಡಿ ಅಗಲದ ನಡುಮನೆ. ಅದರ ಹಿಂದೆ ಅಡುಗೆಗೊಂದು ಕೋಣೆ, ಮಲಗಲೊಂದು ಕೋಣೆ, ಬಚ್ಚಲು. ಗಿರಣಿಗಳ ಹೊಗೆಕೊಳವೆಯಿಂದ ಹಾರುವ ಹೊಟ್ಟಿನ ಕರಿಬೂದಿ ಕಿಟಕಿ ಮುಚ್ಚಿದರೂ ಒಳಗೆ ಬರುತ್ತದೆ. ಅದರ ವಿರುದ್ಧ ನಾನೇ ಬರೆದ ಅರ್ಜಿಗಳು ಎಷ್ಟೋ ಕಚೇರಿಗಳಲ್ಲಿ ಅದೇ ಬೂದಿಯಡಿ ಮಲಗಿವೆ. ಈ ಮನೆ ಸಿಗುವ ಮೊದಲು ಮೂರು ಕಡೆ ನಮ್ಮನ್ನು 'ನೀವು ಯಾವ ಪೈಕಿ?' ಎಂದು ಕೇಳಿ, ಉತ್ತರ ಕೊಡದ ಕಾರಣಕ್ಕೆ ಹಿಂದಕ್ಕೆ ಕಳಿಸಿದ್ದರು. ನನ್ನದೂ ನನ್ನ ಸಂಗಾತಿಯದೂ ಬೇರೆ ಬೇರೆ ಜಾತಿಯಾದ್ದರಿಂದ ಆ ಪ್ರಶ್ನೆಗೆ ಉತ್ತರಿಸುವುದಿಲ್ಲವೆಂದು ನಾವು ಮದುವೆಯ ದಿನವೇ ತೀರ್ಮಾನಿಸಿದ್ದೆವು. ಈ ಮನೆಯ ಒಡತಿ ಅದನ್ನು ಕೇಳಲಿಲ್ಲ. ಗೋಡೆಗೆ ಮೊಳೆ ಹೊಡೆಯಬಾರದು ಎಂಬ ಒಂದೇ ಕರಾರು ಹಾಕಿದಳು. ಆ ಕರಾರನ್ನು ನಾವು ಸಂತೋಷದಿಂದ ಒಪ್ಪಿದೆವು.

ಮೊಳೆ ಹೊಡೆಯುವಂತಿಲ್ಲ, ಅಟ್ಟವಿಲ್ಲ, ಗೋಡೆಯಲ್ಲಿ ಗೂಡಿಲ್ಲ. ಹೀಗಿರುವಾಗ ನಮ್ಮ ಬಟ್ಟೆ, ಪುಸ್ತಕ, ಪಾತ್ರೆಗಳ ಜೊತೆಗೆ ನನ್ನ ಕಡತಗಳೂ ಇದ್ದವು. ಗಿರಣಿಗಳಲ್ಲಿ ಅಕ್ಕಿ ಆರಿಸುವ, ಅಂಗಳ ಗುಡಿಸುವ, ಚೀಲ ಹೊಲಿಯುವ ಹೆಂಗಸರ ಸಂಘವೊಂದರಲ್ಲಿ ನಾನು ಕೆಲಸ ಮಾಡುತ್ತೇನೆ. ಸಂಘಕ್ಕೆ ಸ್ವಂತ ಕಚೇರಿ ಇಲ್ಲದ್ದರಿಂದ ಅದರ ಕಾಗದಗಳೆಲ್ಲ ನಮ್ಮ ನಡುಮನೆಯಲ್ಲಿ ರಾಶಿಬಿದ್ದಿದ್ದವು. ಚಿಗವ್ವ ಬಂದ ಮೇಲೆ ಒಬ್ಬರು ಕಾಲು ಚಾಚಬೇಕಾದರೆ ಇನ್ನೊಬ್ಬರು ಎದ್ದು ನಿಲ್ಲಬೇಕಾಯಿತು.

ಆಗ ನಾನು ಕಂಡುಕೊಂಡ ಪರಿಹಾರ ಮಾಡ್ಯುಲರ್ ಕಪಾಟು. ಪೇಟೆಯ ಅಂಗಡಿಯೊಂದರಲ್ಲಿ ಅದು ಹಲಗೆಗಳ ರೂಪದಲ್ಲಿ ರಟ್ಟಿನ ಪೆಟ್ಟಿಗೆಗಳಲ್ಲಿ ಬರುತ್ತಿತ್ತು. ಮನೆಗೆ ತಂದು, ಸಣ್ಣ ಲೋಹದ ಗುಂಡಿಗಳನ್ನು ಅರ್ಧ ಸುತ್ತು ತಿರುಗಿಸಿದರೆ ಹಲಗೆಗೆ ಹಲಗೆ ಕಚ್ಚಿಕೊಂಡು ಚೌಕಾಕಾರದ ಗೂಡುಗಳಾಗುತ್ತವೆ. ಬೇಕೆಂದಂತೆ ಅಡ್ಡ ಜೋಡಿಸಬಹುದು, ಬೇಕೆಂದಂತೆ ಉದ್ದ. ಗೋಡೆಗೆ ಮೊಳೆ ಬೇಡ. ದೀಪಾವಳಿಯ ಸಮಯದಲ್ಲಿ ಹದಿನಾರು ಗೂಡುಗಳಿಗಾಗುವಷ್ಟು ಹಲಗೆ ತಂದು, ಒಂದು ಭಾನುವಾರ ಮಧ್ಯಾಹ್ನ ನಾನೂ ನನ್ನ ಸಂಗಾತಿಯೂ ಜೋಡಿಸಿದೆವು. ಅಡ್ಡ ನಾಲ್ಕು, ಎತ್ತರಕ್ಕೆ ನಾಲ್ಕು. ಕುಷ್ಟಗಿ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ಅವರು ಪ್ರತಿ ಗುಂಡಿಯನ್ನೂ ಪ್ರಯೋಗಾಲಯದ ಎಚ್ಚರದಲ್ಲಿ ತಿರುಗಿಸಿದರು.

ಹಂಚಿಕೆಯನ್ನು ನಾನು ತತ್ವಕ್ಕೆ ಅನುಸಾರವಾಗಿ ಮಾಡಿದೆ. ಒಬ್ಬೊಬ್ಬರಿಗೂ ಮೇಲಿನಿಂದ ಕೆಳಗಿನವರೆಗೆ ನಾಲ್ಕು ಗೂಡುಗಳ ಒಂದು ಸಾಲು: ನನಗೊಂದು, ಸಂಗಾತಿಗೊಂದು, ಚಿಗವ್ವನಿಗೊಂದು, ಉಳಿದದ್ದು ಸಂಘದ ಕಡತಗಳಿಗೆ. ಪ್ರತಿ ಸಾಲಿಗೂ ದಪ್ಪ ಕಾಗದದಲ್ಲಿ ಚೀಟಿ ಬರೆದು ಅಂಟಿಸಿದೆ. ಚಿಗವ್ವನ ಸಾಲಿನ ಕೆಳಗಿನ ಗೂಡಿಗೆ ಬಾಗಿಲನ್ನೂ ಬೀಗವನ್ನೂ ಹಾಕಿಸಿ ಬೀಗದ ಕೈಯನ್ನು ಅವಳ ಅಂಗೈಯಲ್ಲಿಟ್ಟೆ. ತನ್ನದೆನ್ನುವ ಒಂದು ಗೋಡೆಯೂ ಇಲ್ಲದೆ ಬದುಕಿದ ಹೆಂಗಸಿಗೆ ಕೊನೆಗೂ ಸಮಪಾಲು ದೊರೆಯಿತೆಂದು ನನಗೆ ಹೆಮ್ಮೆಯಾಗಿತ್ತು.

"ಭಾಳ ಛಲೋ ಆಗೈತಿ," ಅಂದಳು. ಕೀಲಿಯನ್ನು ಸೆರಗಿನ ತುದಿಗೆ, ಟ್ರಂಕಿನ ಕೀಲಿಯ ಜೊತೆಗೇ ಕಟ್ಟಿಕೊಂಡಳು. ಟ್ರಂಕನ್ನು ಮುಟ್ಟಲಿಲ್ಲ.

ಹಳೆಯ ಅಭ್ಯಾಸ, ನಿಧಾನವಾಗಿ ಬಿಡುತ್ತಾಳೆ ಎಂದುಕೊಂಡೆ. ವಾರಗಳು ಕಳೆದವು. ಅವಳ ನಾಲ್ಕು ಗೂಡುಗಳಲ್ಲಿ ಒಂದರಲ್ಲಿ ಎಲೆ ಅಡಿಕೆಯ ಚೀಲ, ಇನ್ನೊಂದರಲ್ಲಿ ಮೊಣಕಾಲಿಗೆ ಹಚ್ಚುವ ಎಣ್ಣೆಯ ಶೀಷೆ. ಉಳಿದೆರಡು ಖಾಲಿ. ಅವಳು ತಂದಿದ್ದ ಮೂರು ಕೌದಿಗಳು ಮಡಚಿದ ಸ್ಥಿತಿಯಲ್ಲಿಯೇ ಟ್ರಂಕಿನ ಮೇಲೆ ಕುಳಿತಿದ್ದವು. ಹಳೆಯ ಸೀರೆಗಳ ತುಂಡುಗಳನ್ನು ಪದರ ಪದರವಾಗಿ ಸೇರಿಸಿ ಅವಳೇ ಹೊಲಿದ ಕೌದಿಗಳು ಅವು. ಒಂದರ ನಡುವೆ ನನ್ನ ಶಾಲೆಯ ನೀಲಿ ಲಂಗದ ತುಂಡೂ ಇತ್ತು.

ಈ ನಡುವೆ ಅವಳು ಊರಿನ ರೂಢಿಯಂತೆ ಮನೆಯ ನೆಲವನ್ನು ತೊಳೆಯುವುದನ್ನು ಬಿಟ್ಟಿರಲಿಲ್ಲ. ವಾರಕ್ಕೊಮ್ಮೆ, ಅದರಲ್ಲಿಯೂ ಅಮಾವಾಸ್ಯೆಯ ಹಿಂದಿನ ದಿನ ತಪ್ಪದೆ, ಕೊಡಗಟ್ಟಲೆ ನೀರು ಸುರಿದು ಕಸಬರಿಗೆಯಿಂದ ಬಚ್ಚಲಿನ ಕಡೆ ನೂಕುತ್ತಿದ್ದಳು. ನಮ್ಮ ನೆಲ ಶಹಾಬಾದಿ ಪರಸಿಕಲ್ಲಿನದು. ನೀರು ತಾನಾಗಿ ಹರಿಯಲೆಂದು ಹಿಂದಿನವರು ಅದನ್ನು ಬಚ್ಚಲಿನತ್ತ ಇಳಿಜಾರಾಗಿ ಹಾಸಿದ್ದಾರೆ. ಅಮಾವಾಸ್ಯೆಯಲ್ಲಿ ನನಗೆ ನಂಬಿಕೆಯಿಲ್ಲ, ಬೂದಿಯಲ್ಲಿ ಇದೆ. ತೊಳೆದ ದಿನ ಅಂಗಾಲು ಕಪ್ಪಾಗುತ್ತಿರಲಿಲ್ಲ. ಅವಳ ಮೊಣಕಾಲಿನ ಚಿಂತೆಯಿಂದ ಬೇಡವೆಂದರೂ ಕೇಳುತ್ತಿರಲಿಲ್ಲ, ಮತ್ತು ನಿಜ ಹೇಳಬೇಕೆಂದರೆ ನಾನೂ ಒತ್ತಾಯಿಸುತ್ತಿರಲಿಲ್ಲ. ಮನೆ ತಂಪಾಗಿ, ಶುಭ್ರವಾಗಿ ಕಾಣುವ ಸುಖವನ್ನು ಅವಳ ನೋವಿನ ಮೇಲೆ ನಾನು ಅನುಭವಿಸಿದೆ. ಆ ತಪ್ಪನ್ನೂ ಬರೆದಿಡಬೇಕು.

ಶಿವರಾತ್ರಿಯ ಹೊತ್ತಿಗೆ ಕಪಾಟಿನ ತಳ ಉಬ್ಬಿತು. ಮೊದಲು ಹಲಗೆಯ ಅಂಚಿಗೆ ಅಂಟಿಸಿದ ಪಟ್ಟಿ ಬಿಟ್ಟುಕೊಂಡಿತು. ಬಳಿಕ ಕೆಳಸಾಲಿನ ಹಲಗೆಗಳು ನೆನೆದ ರೊಟ್ಟಿಯಂತೆ ದಪ್ಪವಾದವು. ಚಿಗವ್ವನ ಗೂಡಿನ ಬಾಗಿಲು ಸಿಕ್ಕಿಕೊಂಡು ತೆರೆಯದಾಯಿತು. ನಾನು ಅದನ್ನು ಗಮನಿಸಿದ ದಿನ, ಅವಳು ಎರಡು ವಾರಗಳಿಂದಲೇ ಗಮನಿಸಿದ್ದಳೆಂದು ತಿಳಿಯಿತು. ನಾವಿಲ್ಲದಾಗ ಒಣಬಟ್ಟೆಯಿಂದ ಒತ್ತಿ ಒತ್ತಿ ಒರೆಸಿ, ಉಬ್ಬಿದ ಅಂಚಿಗೆ ಗೋಣಿಚೀಲದ ಮರೆ ಮಾಡಿದ್ದಳಂತೆ.

"ನನ್ನ ಕೈಯಾಗ ಕೆಟ್ಟೈತಿ ನೋಡು," ಅಂದಳು. "ಹೊಸಾ ಸಾಮಾನ. ನೀ ಆಸೆಪಟ್ಟು ತಂದಿದ್ದಿ."

ನಾನು ಎಷ್ಟು ಸಮಾಧಾನ ಹೇಳಿದರೂ ಅದು ಅವಳ ಕಿವಿಗೆ ಬೀಳಲಿಲ್ಲ. ಅದೇ ವಾರ ಯಲಬುರ್ಗಾದಿಂದ ಮಾವನ ಹಿರಿಯ ಮಗ ಫೋನು ಮಾಡಿದ. ಅವನ ಮಗಳು ಬಾಣಂತನಕ್ಕೆ ಬರುವವಳಿದ್ದಳು, ಮನೆಯಲ್ಲಿ ನೋಡಿಕೊಳ್ಳುವವರು ಬೇಕಾಗಿತ್ತು. ಪಾಲು ಮಾಡುವಾಗ ನೆನಪಾಗದ ಅತ್ತೆ ಈಗ ನೆನಪಾಗಿದ್ದಳು. ಅವರಿಗೆ ಬೇಕಾಗಿದ್ದದ್ದು ಅವಳ ಎರಡು ಕೈಗಳು. ಟ್ರಂಕನ್ನು ಎಲ್ಲಿಡುತ್ತಾರೆಂದು ನಾನು ಕೇಳಿದಾಗ, ಕೊಟ್ಟಿಗೆಯ ಪಕ್ಕದ ಹೊಟ್ಟಿನ ಕೋಣೆ ಖಾಲಿ ಇದೆಯೆಂದ. ಚಿಗವ್ವ ಮಾತ್ರ ಯುಗಾದಿ ಮುಗಿಸಿಕೊಂಡು ಬರುವುದಾಗಿ ಒಪ್ಪಿಕೊಂಡಳು. ಹಗ್ಗಕ್ಕೆ ಮೂರನೆಯ ಸುತ್ತು ಬಿತ್ತು.

ಹೋಗಬೇಡವೆಂದು ತಡೆಯುವ ಹಕ್ಕು ನನಗಿಲ್ಲ. ಬದುಕಿನುದ್ದಕ್ಕೂ ಇತರರ ನಿರ್ಧಾರಗಳಿಂದ ಎತ್ತಿಟ್ಟಲ್ಲಿ ಇದ್ದವಳನ್ನು ನಾನೂ ಪ್ರೀತಿಯ ಹೆಸರಿನಲ್ಲಿ ಎತ್ತಿಟ್ಟರೆ, ಮಾವನಿಗೂ ನನಗೂ ಏನು ವ್ಯತ್ಯಾಸ? ಆದರೆ ಒಂದು ಹಲಗೆ ಕೆಟ್ಟ ಅಪರಾಧವನ್ನು ಹೊತ್ತು ಅವಳು ಹೊಟ್ಟಿನ ಕೋಣೆಗೆ ಮರಳುವುದನ್ನು ನೋಡುತ್ತ ಕೂರುವುದೂ ನನ್ನಿಂದಾಗದು. ಯುಗಾದಿಗೆ ಇನ್ನೂ ಕೆಲವು ವಾರಗಳಿದ್ದವು.

ಮೊದಲು ಅಂಗಡಿಗೆ ಹೋದೆ. ನೀರು ತಾಗಿದರೆ ಉಬ್ಬುವ ಪದಾರ್ಥವನ್ನು, ನೆಲ ತೊಳೆಯುವ ಊರಿನಲ್ಲಿ, ಒಂದು ಮಾತು ಎಚ್ಚರಿಸದೆ ಮಾರುವುದು ಅನ್ಯಾಯವೆಂದು ಹೇಳಿದೆ. ಅಂಗಡಿಯವರು ಸಿಟ್ಟಾಗಲಿಲ್ಲ. ಪೆಟ್ಟಿಗೆಯೊಳಗಿನ ಕಾಗದವನ್ನು ತೆಗೆದು ತೋರಿಸಿದರು. ಅದರ ಕೆಳಗೆ, ಇರುವೆಯ ಸಾಲಿನಂಥ ಇಂಗ್ಲಿಷ್ ಅಕ್ಷರಗಳಲ್ಲಿ, ಒದ್ದೆ ನೆಲದ ಮೇಲೆ ಇಡಬಾರದೆಂದು ಬರೆದಿತ್ತು.

"ಕನ್ನಡದಾಗ ಯಾಕ ಹಾಕಿಲ್ರಿ?" ಎಂದು ಕೇಳಿದೆ.

"ಕಂಪನ್ಯಾಗ ಕೇಳ್ಬೇಕ್ರಿ ಮೇಡಂ. ಆದ್ರ ನಿಮಗ ಇಂಗ್ಲಿಷ್ ಬರ್ತೈತಲ್ಲ, ನೀವರ ಓದಬೇಕಿತ್ತು."

ಅವರ ಮಾತು ನಿಜ. ಪ್ರತಿ ಆದೇಶದ ಕೊನೆಯ ಸಾಲನ್ನೂ ಓದಬೇಕೆಂದು ಸಂಘದ ಹೆಂಗಸರಿಗೆ ಹೇಳಿಕೊಡುವ ನಾನು ಅದನ್ನು ಓದಿರಲಿಲ್ಲ. ಬರುವಾಗ ಅವರು ಒಂದು ಪೊಟ್ಟಣ ತುಂಬ ಹೆಚ್ಚುವರಿ ಗುಂಡಿ, ಮೊಳೆಗಳನ್ನು ಕೊಟ್ಟರು. ಮುಂದೊಮ್ಮೆ ಅಲ್ಲಿಗೆ ಹೋದಾಗ, ಕಪಾಟುಗಳ ಮೇಲೆ 'ನೀರು ತಾಗಿಸಬೇಡಿ' ಎಂದು ದೊಡ್ಡದಾಗಿ ಕೈಯಲ್ಲಿ ಬರೆದ ಚೀಟಿ ಅಂಟಿಸಿದ್ದರು. ಎಷ್ಟೋ ಅರ್ಜಿಗಳಿಗೆ ಇಷ್ಟು ಬೇಗ ಉತ್ತರ ಸಿಕ್ಕಿದ್ದಿಲ್ಲ. ಅದಕ್ಕಾಗಿ ಅವರಿಗೆ ನಾನು ಋಣಿ.

ಆಮೇಲೆ ನನಗೆ ನೆನಪಾದವಳು ಕಿನ್ನಾಳದ ಒಬ್ಬ ಗೆಳತಿ. ಗೊಂಬೆ ಮಾಡುವ ಮನೆತನದವಳು. ಮರ ಕೆತ್ತುವುದರಿಂದ ಹಿಡಿದು ಬಣ್ಣ ಬಳಿಯುವವರೆಗೆ ಎಲ್ಲ ಕೆಲಸವೂ ಅವಳಿಗೆ ಬರುತ್ತದೆ. ಆದರೂ ಸನ್ಮಾನದ ಶಾಲು ಯಾವಾಗಲೂ ಮನೆಯ ಗಂಡಸರ ಹೆಗಲಿಗೇ ಬೀಳುತ್ತದೆ. ಈ ವಿಷಯ ಹೇಳಿದಾಗಲೆಲ್ಲ ಅವಳು ನಗುತ್ತಾಳೆ, ನನಗೆ ನಗು ಬರುವುದಿಲ್ಲ. ಕೆಟ್ಟ ಹಲಗೆಯೊಂದನ್ನು ಬಿಚ್ಚಿಕೊಂಡು ಕೊಪ್ಪಳದ ಬಸ್ಸು ಹತ್ತಿದೆ. ಕಂಡಕ್ಟರು ಹಲಗೆಯನ್ನು ನೋಡಿ, ಕ್ಯಾರಂ ಬೋರ್ಡಿಗೂ ಟಿಕೀಟು ಕೊಡಲೇನೆಂದು ಕೇಳಿದರು. ಕೊಪ್ಪಳದಿಂದ ಇನ್ನೊಂದು ಬಸ್ಸಿನಲ್ಲಿ ಕಿನ್ನಾಳ ತಲುಪಿದಾಗ ಆ ಗೆಳತಿ ಅಂಗಳದಲ್ಲಿ ಕುಳಿತು ಗೊಂಬೆಯೊಂದರ ಬೆನ್ನಿಗೆ ಕಿಟ್ಟ ಮೆತ್ತುತ್ತಿದ್ದಳು. ಮರದ ಪುಡಿ ಮತ್ತು ಹುಣಸೆಬೀಜದ ಅಂಟಿನಿಂದ ಮಾಡುವ ಆ ಮುದ್ದೆಯಿಂದ ಅವರು ಗೊಂಬೆಗಳ ಸಂದು ಮುಚ್ಚುತ್ತಾರೆ. ಅದನ್ನೇ ಈ ಹಲಗೆಗೂ ಮೆತ್ತಿ ಸರಿಮಾಡಬಹುದೆಂಬುದು ನನ್ನ ಆಸೆಯಾಗಿತ್ತು.

ಅವಳು ಹಲಗೆಯ ಅಂಚನ್ನು ಉಗುರಿನಿಂದ ಕೆರೆದಳು. ಪುಡಿ ಉದುರಿತು.

"ಇದು ಮರ ಅಲ್ರಿ ಅಕ್ಕಾರ. ಹೊಟ್ಟಿನ ರೊಟ್ಟಿ. ಕುಡದ ನೀರು ಮತ್ತ ಕಕ್ಕಂಗಿಲ್ಲ," ಅಂದಳು. "ನಮ್ಮ ಕಿಟ್ಟಕ್ಕೂ ನೀರು ಆಗಿಬರಂಗಿಲ್ಲ. ಕೆಟ್ಟದ್ದು ಕೊಯ್ದು ಒಗದು, ಉಳದದ್ದು ನೆಲಬಿಟ್ಟು ಎತ್ತಿ ಇಡಬೇಕು. ನಾನ ಬರ್ತೀನಿ ತಗೋರಿ."

ಮುಂದಿನ ಭಾನುವಾರ ಗರಗಸ, ಬಣ್ಣದ ಡಬ್ಬಿಗಳನ್ನು ಚೀಲದಲ್ಲಿ ಹಾಕಿಕೊಂಡು ಬಂದೇಬಿಟ್ಟಳು. ನಾನು ಹೊಸ ನಕ್ಷೆಯೊಂದನ್ನು ಬರೆದಿಟ್ಟಿದ್ದೆ. ಅದರಲ್ಲಿಯೂ ನಾಲ್ಕು ಸಮನಾದ ಸಾಲುಗಳೇ ಇದ್ದವು, ತಳಕ್ಕೆ ಕಾಲುಗಳು ಮಾತ್ರ ಹೆಚ್ಚು. ಅವಳು ಅದನ್ನು ನೋಡಿ ಮಡಚಿ ಪಕ್ಕಕ್ಕಿಟ್ಟಳು. ಗೋಡೆಯ ಪಕ್ಕದಲ್ಲಿ ನಿಂತಿದ್ದ ಚಿಗವ್ವನ ಕಡೆ ತಿರುಗಿದಳು.

"ದೊಡ್ಡವ್ವಾರ, ನೀವು ದಿನಾ ಎಲ್ಲಿ ಕುಂದರ್ತೀರಿ?"

ಚಿಗವ್ವ ಕಿಟಕಿಯ ಕೆಳಗಿನ ಜಾಗ ತೋರಿಸಿದಳು.

"ಹಂಗಾದ್ರ ಒಂದೀಟು ಕುಂದರ್ರಿ. ಹಾಂ. ಈಗ ಕೈ ಎತ್ರಿ. ನೋವಾಗೋ ಮಟ ಬ್ಯಾಡ."

ಚಿಗವ್ವ ಕಾಲು ಚಾಚಿ, ಗೋಡೆಗೆ ಬೆನ್ನು ಕೊಟ್ಟು ಕುಳಿತು ಕೈ ಎತ್ತಿದಳು. ಬೆರಳುಗಳು ಮುಟ್ಟಿದ ಎತ್ತರಕ್ಕೆ ಕಿನ್ನಾಳದ ಗೆಳತಿ ಸುಣ್ಣದ ಕಡ್ಡಿಯಿಂದ ಗೋಡೆಯ ಮೇಲೆ ಒಂದು ಗೆರೆ ಎಳೆದಳು. ಆ ಗೆರೆ ನನ್ನ ಸೊಂಟದಷ್ಟೂ ಎತ್ತರವಿರಲಿಲ್ಲ.

ಆ ಗೆರೆಯನ್ನು ನೋಡುತ್ತ ನಿಂತ ಕ್ಷಣವನ್ನು ನಾನು ಮರೆಯಲಾರೆ. ಚಿಗವ್ವನ ದಿನವೆಲ್ಲ ನೆಲದ ಮೇಲೆ ಕಳೆಯುತ್ತದೆ: ಕಾಳು ಆರಿಸುವುದು, ಕೌದಿ ಹೊಲಿಯುವುದು, ಎಲೆ ಅಡಿಕೆ, ಮಾತು, ನಿದ್ದೆ. ಒಮ್ಮೆ ಕುಳಿತರೆ ಏಳಲು ಆ ಮೊಣಕಾಲುಗಳಿಗೆ ಗೋಡೆಯ ಆಸರೆ ಬೇಕು. ಅಂಥವಳಿಗೆ ನಾನು ತಲೆಯೆತ್ತರದವರೆಗಿನ ಸಾಲು ಕೊಟ್ಟು ಸಮಪಾಲು ಎಂದು ಕರೆದಿದ್ದೆ. ಎರಡು ಗೂಡುಗಳು ಸುಮ್ಮನೆ ಖಾಲಿ ಉಳಿದಿರಲಿಲ್ಲ, ಅವು ಅವಳಿಗೆ ಎಟುಕುತ್ತಿರಲಿಲ್ಲ. ಕೌದಿಗಳು ಟ್ರಂಕಿನ ಮೇಲೆ ಉಳಿದದ್ದು ಹಟದಿಂದಲ್ಲ, ಅಂಗಿಗಳ ಅಳತೆಗೆ ಮಾಡಿದ ಗೂಡಿನಲ್ಲಿ ಕೌದಿ ಹಿಡಿಸುವುದಿಲ್ಲ. ಮತ್ತು ನಾನು ಮುತುವರ್ಜಿಯಿಂದ ಬರೆದಂಟಿಸಿದ ಆ ಚೀಟಿಯನ್ನು ಅವಳು ಓದಲಾರಳು. ಅಕ್ಷರ ಬಾರದವಳ ಜಾಗಕ್ಕೆ ಅಕ್ಷರದಲ್ಲಿ ಗುರುತು ಹಾಕಿದ್ದೆ. ಇಷ್ಟರ ಮೇಲೆ, ಒಂದು ಮನುಷ್ಯಜೀವಕ್ಕೆ ಎಷ್ಟು ಜಾಗವೋ ಅಷ್ಟೇ ಜಾಗವನ್ನು ನನ್ನ ಕಾಗದಗಳಿಗೂ ಕೊಟ್ಟಿದ್ದೆ. ಯಾವ ಯೋಜನೆಯನ್ನೇ ಆಗಲಿ ಅದನ್ನು ಬಳಸುವವರನ್ನು ಕೇಳದೆ ರೂಪಿಸಬಾರದೆಂದು ಸಭೆಗಳಲ್ಲಿ ಎಷ್ಟೋ ಸಲ ಅಧಿಕಾರಿಗಳನ್ನು ತರಾಟೆಗೆ ತೆಗೆದುಕೊಂಡಿದ್ದೇನೆ. ನನ್ನ ಮನೆಯಲ್ಲಿ ನಾನೇ ಆ ಅಧಿಕಾರಿಯಾಗಿದ್ದೆ.

"ಹೇಳಬಾರದಿತ್ತೇನು ಚಿಗವ್ವ?" ಎಂದೆ.

"ನೀ ಕೇಳಿದ್ದಿಲ್ಲಲ್ಲ," ಅಂದಳು. ಅದರಲ್ಲಿ ದೂರಿರಲಿಲ್ಲ. ಅದಕ್ಕೇ ಹೆಚ್ಚು ನೋವಾಯಿತು.

ಆ ದಿನ ಕಪಾಟನ್ನು ಪೂರ್ತಿ ಬಿಚ್ಚಿದೆವು. ಬಿಚ್ಚಿ ಮತ್ತೆ ಬೇರೆ ರೀತಿಯಲ್ಲಿ ಜೋಡಿಸಲು ಬರುವುದೇ ಈ ಜಾತಿಯ ಕಪಾಟಿನ ಒಳ್ಳೆಯ ಗುಣ. ಕೆಟ್ಟಿತೆಂದು ಬೈದ ವಸ್ತುವಿನ ಒಳ್ಳೆಯ ಗುಣವನ್ನೂ ಒಪ್ಪಿಕೊಳ್ಳಬೇಕು. ನಿಂತ ಹಲಗೆಗಳ ಉಬ್ಬಿದ ಬುಡವನ್ನು ಮೂರು ಬೆರಳಿನಷ್ಟು ಗರಗಸದಿಂದ ಕೊಯ್ದೆವು. ಪೂರಾ ಕೆಟ್ಟ ತಳದ ಹಲಗೆಗಳಿಗೆ ಬದಲಾಗಿ ಎರಡು ಗೂಡುಗಳನ್ನು ಒಡೆದು ಆ ಹಲಗೆಗಳನ್ನು ಬಳಸಿದೆವು. ಹದಿನಾರರಲ್ಲಿ ಹದಿನಾಲ್ಕು ಉಳಿದವು. ಕಿಟಕಿಯ ಕೆಳಗೆ, ಸುಣ್ಣದ ಗೆರೆಯನ್ನು ಮೀರದಂತೆ, ಎರಡು ಗೂಡು ಎತ್ತರ, ನಾಲ್ಕು ಗೂಡು ಉದ್ದದ ತಗ್ಗು ಕಪಾಟು ಚಿಗವ್ವನಿಗೆ. ಅದರ ಕೆಳಸಾಲಿನ ನಡುವಿನ ಹಲಗೆಯೊಂದನ್ನು ತೆಗೆದು ಎರಡು ಗೂಡುಗಳನ್ನು ಒಂದು ಮಾಡಿದಾಗ ಕೌದಿ ಮಲಗುವಷ್ಟು ಅಗಲವಾಯಿತು. ಉಳಿದ ಆರು ಗೂಡುಗಳು ಬಾಗಿಲ ಹಿಂದಿನ ಮೂಲೆಯಲ್ಲಿ, ಒಂದರ ಮೇಲೊಂದು ಮೂರು, ನನಗೂ ಸಂಗಾತಿಗೂ. ಸಂಘದ ಕಡತಗಳು ಮತ್ತೆ ನೆಲಕ್ಕೆ ಬಂದವು. ಆ ಮೂಲೆಯಲ್ಲಿ ಕಪಾಟು ಬಾಗಿಲಿಗೆ ತಾಗುವುದೇನೋ ಎಂದು ನನಗೆ ಅಳುಕಿತ್ತು, ಎರಡು ಬೆರಳು ಅಂತರ ಉಳಿಯಿತು.

ಕೊಯ್ದ ಅಂಚುಗಳಿಗೆ ಕಿನ್ನಾಳದ ಗೆಳತಿ ಎಣ್ಣೆಬಣ್ಣ ಬಳಿದಳು. ಚಿಗವ್ವನ ಗೂಡುಗಳ ಅಂಚಿಗೆ ಗೊಂಬೆಗಳಿಗೆ ಹಚ್ಚುವಂಥ ಗಾಢ ಹಳದಿ, ಅದರ ಮೇಲೆ ಕೂದಲೆಳೆಯಷ್ಟು ಸಣ್ಣ ಕೆಂಪು ಗೆರೆ. ನಮ್ಮ ಗೂಡುಗಳಿಗೆ ಬರಿ ಹಸಿರು. ಚೀಟಿಗಳನ್ನು ನಾನೇ ಕಿತ್ತೆ. ಕೆಲಸಕ್ಕೆ ಏನು ಕೊಡಲೆಂದು ಕೇಳಿದಾಗ ಅವಳು ಚಿಗವ್ವನ ಕೌದಿಯನ್ನು ಮುಟ್ಟಿ ನೋಡಿ, ಹೊಲಿಗೆಯ ಸಾಲು ಇಷ್ಟು ನೆಟ್ಟಗೆ ಹೇಗೆ ಬರುತ್ತದೆಂದು ಕಲಿಸಿಕೊಟ್ಟರೆ ಸಾಕೆಂದಳು. ಹೆಂಗಸರ ದುಡಿಮೆಯನ್ನು ಉಪಕಾರದ ಹೆಸರಿನಲ್ಲಿ ಪಡೆಯಬಾರದೆಂದು ನಾನು ಕೂಲಿಯನ್ನೂ ಕೊಟ್ಟೆ. ಅವಳು ಎರಡನ್ನೂ ತೆಗೆದುಕೊಂಡಳು.

ಇನ್ನು ಕಾಲುಗಳು. ಮರದ ಕಾಲು ಹಾಕಿದರೆ ಅದೂ ನೆನೆಯುತ್ತದೆ. ಆ ವಾರ ನನ್ನ ಸಂಗಾತಿ ದಿನವೂ ಸಂಜೆ ಶಾಲೆಯಿಂದ ಬರುವಾಗ ಊಟದ ಚೀಲದಲ್ಲಿ ವೃತ್ತಪತ್ರಿಕೆಯಲ್ಲಿ ಸುತ್ತಿದ ಎರಡೆರಡು ಕಲ್ಲುಗಳನ್ನು ತಂದರು. ಕುಷ್ಟಗಿಯ ಕಡೆ ಕೆಂಪು ಗ್ರಾನೈಟ್ ಕೊಯ್ಯುವವರು ರಸ್ತೆಬದಿಗೆ ಎಸೆದ ಚೂರುಗಳು. ಆ ಕಲ್ಲಿಗಾಗಿ ಗುಡ್ಡಗಳನ್ನು ಒಡೆಯುವುದರ ಬಗ್ಗೆ, ಅದರ ದೂಳು ತುಂಬಿದ ಕೆಲಸಗಾರರ ಎದೆಗಳ ಬಗ್ಗೆ ನಾನು ಬೇರೆಡೆ ಬರೆದಿದ್ದೇನೆ. ಇಲ್ಲಿಯೂ ಅದನ್ನು ಮರೆಸುವುದಿಲ್ಲ. ಎಸೆದ ಚೂರುಗಳಾದರೂ ನಮ್ಮ ಮನೆಯಲ್ಲಿ ಕೆಲಸಕ್ಕೆ ಬಂದವು. ಚಿಗವ್ವ ಅಳಿಯನ ಚೀಲ ಎತ್ತಿ ನೋಡಿ, "ಸಾಲ್ಯಾಗ ಬುತ್ತಿ ಬದಲಿ ಕಲ್ಲು ತಿನ್ನಿಸ್ತಾರೇನ್ರಿ ಅಳಿಯಾರ?" ಎಂದಳು. ಎಷ್ಟೋ ದಿನಗಳ ಮೇಲೆ ಅವಳು ಮಾಡಿದ ಮೊದಲ ಚೇಷ್ಟೆ ಅದು. ಅವರು ಗಂಭೀರವಾಗಿಯೇ, ಮೇಷ್ಟ್ರುಗಳಿಗೆ ಅರಗುತ್ತದೆ ಎಂದು ಉತ್ತರಿಸಿದರು.

ನೆಲ ಇಳಿಜಾರಾದ್ದರಿಂದ ಕಲ್ಲುಗಳು ಒಂದೇ ಎತ್ತರದವಾದರೆ ಕಪಾಟು ವಾಲುತ್ತದೆ. ಬಚ್ಚಲಿನ ಕಡೆ ಎತ್ತರದ ಚೂರು, ಬಾಗಿಲಿನ ಕಡೆ ಗಿಡ್ಡ ಚೂರು. ಸಂಗಾತಿ ಮಟ್ಟ ನೋಡಲು ತಟ್ಟೆಯಲ್ಲಿ ನೀರು ತುಂಬಿ ಮೇಲಿಟ್ಟರು. ಚಿಗವ್ವ ಕುಳಿತಲ್ಲಿಂದಲೇ ಕಣ್ಣಳತೆಯಲ್ಲಿ, ಇನ್ನೊಂದು ಗೋಧಿಕಾಳಿನಷ್ಟು ಏರಬೇಕೆಂದಳು. ತಟ್ಟೆಯೂ ಅದನ್ನೇ ಹೇಳಿತು.

ಯುಗಾದಿಯ ಅಮಾವಾಸ್ಯೆಯ ಹಿಂದಿನ ದಿನ ಬಂತು. ಆ ಬೆಳಿಗ್ಗೆ ಚಿಗವ್ವ ಕೊಡ ತುಂಬಿಸಿಟ್ಟುಕೊಂಡು, ಕಪಾಟನ್ನು ನೋಡುತ್ತ ಬಹಳ ಹೊತ್ತು ನಿಂತಳು. ತೊಳೆಯಲೋ ಬೇಡವೋ ಎಂದು ಕೇಳಲಿಲ್ಲ, ನಾನೂ ಹೇಳಲಿಲ್ಲ. ಕಸಬರಿಗೆಯನ್ನು ಮಾತ್ರ ಅವಳ ಕೈಯಿಂದ ತೆಗೆದುಕೊಂಡೆ; ನೂಕುವ ಕೆಲಸ ಇನ್ನು ಮುಂದೆ ನನ್ನದು ಅಥವಾ ಸಂಗಾತಿಯದು ಎಂದು ಅಷ್ಟರೊಳಗೆ ಗೊತ್ತುಮಾಡಿಕೊಂಡಿದ್ದೆವು. ಅವಳು ಸುರಿದಳು. ನೀರು ಬೂದಿಯನ್ನು ಹೊತ್ತು ಕರ್ರಗೆ ಹರಿದು, ಕಲ್ಲುಗಳ ನಡುವೆ ನುಗ್ಗಿ, ಕಪಾಟಿನ ಕೆಳಗಿನಿಂದ ಆಚೆ ಬಂದು ಬಚ್ಚಲಿನ ದಾರಿ ಹಿಡಿಯಿತು. ಹಲಗೆಗೆ ಒಂದು ಹನಿಯೂ ತಾಗಲಿಲ್ಲ. ಚಿಗವ್ವ ಗೋಡೆ ಹಿಡಿದು ನಿಧಾನವಾಗಿ ಬಗ್ಗಿ, ಹಳದಿ ಅಂಚಿನ ತಳಕ್ಕೆ ಬೆರಳು ಆಡಿಸಿ ನೋಡಿದಳು. ಬೆರಳು ಒದ್ದೆಯಾಗಲಿಲ್ಲ.

ಮಧ್ಯಾಹ್ನ ನಾನು ಸಂಘದ ಸಭೆಯಿಂದ ಮರಳಿದಾಗ ಬಾಗಿಲ ಪಕ್ಕದಲ್ಲಿ ಟ್ರಂಕು ಇರಲಿಲ್ಲ. ಚಪ್ಪಲಿಯನ್ನೂ ಬಿಡದೆ ಒಳಗೆ ನುಗ್ಗಿದೆ. ಆಮೇಲೆ ಕಂಡಿತು: ಟ್ರಂಕು ನಡುಮನೆಯ ಮಧ್ಯದಲ್ಲಿತ್ತು, ಮುಚ್ಚಳ ತೆರೆದಿತ್ತು, ಒಳಗೆ ಏನೂ ಇರಲಿಲ್ಲ. ಹಗ್ಗ ಅಂಗಳದಲ್ಲಿ, ಎರಡು ಕಂಬಗಳ ನಡುವೆ, ಒದ್ದೆ ಸೀರೆಯನ್ನು ಹೊತ್ತು ನಿಂತಿತ್ತು. ಕಿಟಕಿಯ ಕೆಳಗಿನ ಹಳದಿ ಗೂಡುಗಳಲ್ಲಿ ಸೀರೆಗಳಿದ್ದವು, ಕುಬಸಗಳಿದ್ದವು, ಎಲೆ ಅಡಿಕೆಯ ಚೀಲವಿತ್ತು, ನಾನು ಹಿಂದೆಂದೂ ನೋಡಿರದ ಒಂದು ಹಿತ್ತಾಳೆಯ ಕುಂಕುಮದ ಭರಣಿಯೂ ಇತ್ತು. ಅಗಲ ಮಾಡಿದ ಗೂಡಿನಲ್ಲಿ ಮೂರು ಕೌದಿಗಳು ಒಂದರ ಮೇಲೊಂದು ಮಲಗಿದ್ದವು. ನನ್ನ ನೀಲಿ ಲಂಗದ ತುಂಡು ಹೊರಮುಖವಾಗಿ ಕಾಣುತ್ತಿತ್ತು.

ಚಿಗವ್ವ ಅವುಗಳ ಪಕ್ಕದಲ್ಲಿ ಕುಳಿತು ಅಡಿಕೆ ಕತ್ತರಿಸುತ್ತಿದ್ದಳು. ಬಾಣಂತನಕ್ಕೆ ಹೋಗಿ ಹತ್ತು ದಿನ ಇದ್ದು ಬರುವುದಾಗಿ, ಒಂದು ಕೈಚೀಲದಲ್ಲಿ ಎರಡು ಸೀರೆ ಸಾಕೆಂದು ಹೇಳಿದಳು. ಕೂಸು ಹುಟ್ಟುವ ಮನೆಗೆ ಹೋಗದಿರುವುದು ಅವಳಿಗೆ ಸಾಧ್ಯವಿರಲಿಲ್ಲ, ಹಾಗೆ ಹೋಗಿ ಬರುವ ನಿರ್ಧಾರ ಅವಳದೇ ಆಗಿತ್ತು. 'ಬರುತ್ತೇನೆ' ಎಂಬ ಮಾತನ್ನು ನಾನು ಮನಸ್ಸಿನಲ್ಲಿಯೇ ಎರಡು ಸಲ ಕೇಳಿಕೊಂಡೆ.

"ಟ್ರಂಕು ಖಾಲಿ ಐತಿ," ಅಂದಳು ಆಮೇಲೆ, ನೆಲದ ಮೇಲಿದ್ದ ನನ್ನ ಕಡತಗಳ ಕಡೆ ಅಡಕೊತ್ತಿನಿಂದ ತೋರಿಸಿ. "ತಗಡಿಂದು. ಇದಕ್ಕ ನೀರೂ ಹತ್ತಂಗಿಲ್ಲ, ಬೂದಿ ಹತ್ತಂಗಿಲ್ಲ. ಅವನ್ನ ಇದರಾಗ ಇಡು."

ಗಿರಣಿಯ ಹೆಂಗಸರ ಅರ್ಜಿಗಳು, ಬೂದಿಯ ಅರ್ಜಿ, ಕಲ್ಲುದೂಳಿನ ಅರ್ಜಿ, ಎಲ್ಲವನ್ನೂ ಒಂದೊಂದಾಗಿ ಜೋಡಿಸಿದೆ. ಅವಳ ಜೀವಮಾನದ ಸಾಮಾನಿಗೆ ಸಾಕಾಗಿದ್ದ ಪೆಟ್ಟಿಗೆಗೆ ಅವು ಸರಿಯಾಗಿ ಹಿಡಿಸಿದವು. ಮುಚ್ಚಳ ಹಾಕಿ, ಕೀಲಿಗಾಗಿ ಕೈ ಚಾಚಿದೆ. ಅವಳು ಸೆರಗಿನ ಗಂಟನ್ನು ಮುಟ್ಟಿ ನೋಡಿಕೊಂಡಳು, ಬಿಚ್ಚಲಿಲ್ಲ.

"ಕೀಲಿ ನನ್ನ ಕಡೆ ಇರ್ಲಿ," ಅಂದಳು. "ಯಾರ್ ಯಾರ್ ಮ್ಯಾಲೆ ಬರೀತಿ ಅನ್ನೋದು ನನಗೂ ಓದಿ ಹೇಳು. ಆಮ್ಯಾಲೆ ತಗದು ಕೊಡ್ತೀನಿ."